ಓದದೆ ಬೈದವರು, ಓದದೆ ಹೊಗಳಿದವರು

2010ರ ಮಾರ್ಚ್ ಮೊದಲ ವಾರ. ನನ್ನಿವಾಳದ ಟೀ ಅಂಗಡಿಯಲ್ಲಿ ಪೇಪರ್ ಸುತ್ತ ಜನ. ತಸ್ಲೀಮಾ ನಸ್ರೀನ್ ಹೆಸರಲ್ಲಿ ಕನ್ನಡ ಪತ್ರಿಕೆಯೊಂದರಲ್ಲಿ ಬುರ್ಖಾ ಬಗ್ಗೆ ಲೇಖನ ಬಂದು, ಶಿವಮೊಗ್ಗ, ಹಾಸನದಲ್ಲಿ ಗಲಭೆಯಾಗಿ ಇಬ್ಬರು ಸತ್ತಿದ್ದರು. ಕರ್ನಾಟಕದ ಯಾವ ಪತ್ರಿಕೆಗೂ ತಾನು ಬರೆದಿಲ್ಲ ಅಂತ ಆಕೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. "ಯಾರಣ್ಣ ಆಯಮ್ಮ?" ಅಂದೆ. "ಬಾಂಗ್ಲಾದೋಳಂತೆ ಕಣಪ್ಪ, ಏನೋ ಬರ್ದೌಳಂತೆ." ಅಲ್ಲಿದ್ದವರಲ್ಲಿ ಯಾರೂ ಆಕೆಯ ಒಂದು ಪುಟ ಓದಿರಲಿಲ್ಲ. ನಾನೂ ಓದಿರಲಿಲ್ಲ. ಅಭಿಪ್ರಾಯ ಮಾತ್ರ ಎಲ್ಲರ ಹತ್ತಿರವೂ ಇತ್ತು.

ಈಗ ಬೆಂಗಳೂರಿನ ಆಫೀಸ್ ಗ್ರೂಪಿನಲ್ಲೂ ಅದೇ ಕತೆ. 'ಲಜ್ಜಾ' ಬಗ್ಗೆ ಫಾರ್ವರ್ಡ್ ಬರುತ್ತೆ: "ನೋಡಿ, ಅಲ್ಲಿ ಹಿಂದೂಗಳಿಗೆ ಏನು ಮಾಡಿದ್ರು!" ಓದಿದ್ದೀರಾ ಸ್ವಾಮಿ? 1993ರ ಆ ಕಾದಂಬರಿ ಶುರುವಾಗೋದೇ 1992ರ ಡಿಸೆಂಬರಿನಲ್ಲಿ, ಇಲ್ಲಿ ಬಾಬ್ರಿ ಮಸೀದಿ ಬಿದ್ದ ಮೇಲೆ. ಇಲ್ಲಿ ಹಚ್ಚಿದ ಬೆಂಕಿಯಲ್ಲಿ ಢಾಕಾದ ದತ್ತ ಕುಟುಂಬ ಬೇಯುತ್ತದೆ. ಹುಟ್ಟಿದ ನೆಲ ಬಿಡಲ್ಲ ಅನ್ನುವ ಸುಧಾಮಯ ಕೊನೆಗೆ ಹೊರಡಲು ಒಪ್ಪುತ್ತಾನೆ. ಮುಸ್ಲಿಂ ಮನೆಯಲ್ಲಿ ಹುಟ್ಟಿದ ವೈದ್ಯೆಯೊಬ್ಬಳು ತನ್ನದೇ ಬಹುಸಂಖ್ಯಾತರಿಗೆ ಕೇಳಿದ ಪ್ರಶ್ನೆ ಅದು. ಅದನ್ನು ಎತ್ತಿಕೊಂಡು ಪಕ್ಕದ ಮನೆಯ ಅಲ್ಪಸಂಖ್ಯಾತನಿಗೆ ಹೊಡೆಯುವವನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾನೆ.

ಇನ್ನು ನಮ್ಮ ಪ್ರಗತಿಪರ ಗೆಳೆಯರು? ಮಾತೆತ್ತಿದರೆ ಅಭಿವ್ಯಕ್ತಿ ಸ್ವಾತಂತ್ರ್ಯ. 2007ರಲ್ಲಿ, ಎಡಪಕ್ಷಗಳೇ ಆಳುತ್ತಿದ್ದ ಬಂಗಾಳದ ಕೊಲ್ಕತ್ತಾದಿಂದ ಆಕೆಯನ್ನು ಸಾಗಹಾಕಿದ್ದನ್ನು ನೆನಪಿಸಿದರೆ ಮಾತ್ರ ಟಾಪಿಕ್ ಚೇಂಜ್.

ಬರ ಬಿದ್ದ ವರ್ಷ ನಮ್ಮೂರ ಕಡೆ ಕಿಲಾರಿಗಳು ದೇವರ ಎತ್ತುಗಳನ್ನು ಮೇವಿದ್ದ ಕಡೆ ಹೊಡ್ಕೊಂಡು ಹೋಗ್ತಾರೆ. ಮಳೆ ಬಿದ್ದರೆ ಹಟ್ಟಿಗೆ ವಾಪಸ್. 1994ರಲ್ಲಿ ದೇಶ ಬಿಟ್ಟ ಆಕೆಗೆ ಹಟ್ಟಿಯ ದಾರಿಯೇ ಇಲ್ಲ. ಸ್ವೀಡನ್ ಪೌರತ್ವ ಇಟ್ಟುಕೊಂಡು, ಭಾರತದ ಪರವಾನಗಿಗೆ ಕಾಯುತ್ತಾ ಬದುಕುತ್ತಿದ್ದಾರೆ. 2024ರಲ್ಲಿ ಅದರ ಅವಧಿ ಮುಗಿದು, ನವೀಕರಣಕ್ಕೆ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ನಮ್ಮಲ್ಲಿ ನಿರಾಶ್ರಿತರಿಗೆ ಅಂತ ಒಂದು ಕಾನೂನೇ ಇಲ್ಲ. ಆಶ್ರಯ ಇಲ್ಲಿ ಹಕ್ಕಲ್ಲ, ಅಧಿಕಾರಿಯ ಮರ್ಜಿ.

ಆಕೆಯ ಎಲ್ಲ ಮಾತನ್ನೂ ನಾನು ಒಪ್ಪಲ್ಲ. ಕೆಲವು ಟ್ವೀಟ್ ನೋಡಿದರೆ ಮೈ ಉರಿಯುತ್ತೆ. ಆದರೆ ಒಪ್ಪದಿರೋಕೂ ಮೊದಲು ಓದಬೇಕಲ್ವಾ? ಟೀ ಅಂಗಡಿಯ ಆ ಬೆಳಗ್ಗೆ ನಾನೂ ತಲೆಯಾಡಿಸಿ ಬಂದವನೇ. ಆ ಲಜ್ಜೆ ನನ್ನದು. ನಿಮ್ಮದನ್ನು ನೀವು ನೋಡಿಕೊಳ್ಳಿ.