ಕ್ಯಾಮೆರಾ ಯಾರ ಕೈಲಿದೆ?

ಸಿನಿಮಾ ಹುಟ್ಟಿದ್ದೇ ಕಿರುಚಿತ್ರವಾಗಿ. 1895ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಲೂಮಿಯೇರ್ ಸೋದರರು ತೆಗೆದ ಚಿತ್ರ ಒಂದು ನಿಮಿಷವೂ ಇಲ್ಲ. ಅದರಲ್ಲಿ ರಾಜನಿಲ್ಲ, ದೇವರಿಲ್ಲ. ಫ್ಯಾಕ್ಟರಿ ಬಾಗಿಲಿನಿಂದ ಹೊರಬರುವ ಕೂಲಿಯವರಿದ್ದಾರೆ. ಫ್ಯಾಕ್ಟರಿ ಯಾರದು? ಲೂಮಿಯೇರ್‌ಗಳದ್ದು. ಕ್ಯಾಮೆರಾ ಯಾರದು? ಅದೂ ಅವರದ್ದೇ. ದುಡಿಯುವವರು ತೆರೆಯ ಮೇಲೆ, ಮಾಲೀಕ ಕ್ಯಾಮೆರಾದ ಹಿಂದೆ. ಈ ಲೆಕ್ಕ ಇವತ್ತಿಗೆ ಎಷ್ಟು ಬದಲಾಗಿದೆ ಅಂತ ಕೇಳೋದಕ್ಕೆ ನಮ್ಮ ಉರಿಗಾಂಗಿಂತ ತಕ್ಕ ಜಾಗ ಇನ್ನೊಂದಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಕೇರಿಗಳಿಂದ ನಮ್ಮ ಜನ ಬಂದು ಭೂಮಿಯೊಳಕ್ಕೆ ಇಳಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ದಿಬ್ಬ ಉಳಿಯಿತು. ಆ ದಿಬ್ಬದ ಮೇಲೆ ಸೆಟ್ ಹಾಕಿ 'ಕೆ.ಜಿ.ಎಫ್.' ತೆಗೆದರು. 2018ರಲ್ಲಿ ಒಂದು ಭಾಗ, 2022ರಲ್ಲಿ ಎರಡನೆಯದು. ಎರಡನೆಯದು ತೆರೆಗೆ ಬಂದದ್ದು ಏಪ್ರಿಲ್ 14ಕ್ಕೆ, ಬಾಬಾಸಾಹೇಬರ ಜಯಂತಿಯ ದಿನ! ಸಾವಿರ ಕೋಟಿ ಮೀರಿ ಬಾಚಿತು. ಆ ಚಿತ್ರದಲ್ಲಿ ಗಣಿಯ ಜನ ಮಸಿ ಮೆತ್ತಿದ ಗುಲಾಮರ ಮಂದೆ. ಅವರನ್ನು ಬಿಡಿಸೋದಕ್ಕೆ ಹೊರಗಿನಿಂದ ಒಬ್ಬ ಹೀರೋ ಬರಬೇಕು.

ಇಲ್ಲಿಯ ಚರಿತ್ರೆ ಬೇರೆಯೇ ಇದೆ. 1930ರಲ್ಲಿ ಕಂಪನಿ ಎಲ್ಲರ ಹೆಬ್ಬೆರಳ ಗುರುತು ಹಿಡಿದಿಟ್ಟುಕೊಳ್ಳಲು ಹೊರಟಾಗ ಕೂಲಿಗಳು ಮುಷ್ಕರ ಹೂಡಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಸತ್ತರು. ಅವರಲ್ಲಿ ಯಾರೂ ಹೀರೋಗಾಗಿ ಕಾದು ಕೂತಿರಲಿಲ್ಲ. ಪಾ. ರಂಜಿತ್ 2024ರಲ್ಲಿ 'ತಂಗಲಾನ್' ತೆಗೆದು ನಮ್ಮವರನ್ನೇ ಕಥೆಯ ನಡುವೆ ನಿಲ್ಲಿಸಿದರು. ಅದು ದೊಡ್ಡ ಮಾತು. ಆದರೆ ಅದಕ್ಕೂ ದೊಡ್ಡ ಸ್ಟಾರ್ ಬೇಕು, ಕೋಟಿಗಟ್ಟಲೆ ದುಡ್ಡು ಬೇಕು. ಲೈನಿನ ಹುಡುಗನ ಕೈಗೆ ಎಟುಕೋದು ಕಿರುಚಿತ್ರ ಒಂದೇ.

ಹಂಗಾದ್ರೆ ಕಿರುಚಿತ್ರ ತೆಗೆಯೋರೆಲ್ಲ ಸತ್ಯಹರಿಶ್ಚಂದ್ರರಾ? ಬೆಳಗಿನ ರೈಲಿಗೆ ನಮ್ಮ ಜನ ಕೂಲಿ ಹುಡುಕಿ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗ್ತಾರೆ. ಅದೇ ಬೆಂಗಳೂರಿನಿಂದ 'ಸ್ವತಂತ್ರ' ಚಿತ್ರ ತೆಗೆಯೋ ಹುಡುಗರು ಇತ್ತ ಬರ್ತಾರೆ. ತುಕ್ಕು ಹಿಡಿದ ಶಾಫ್ಟು, ದೊರೆಗಳ ಪಾಳು ಬಂಗಲೆ, ದಿಬ್ಬದ ಮೇಲಿನ ಸೂರ್ಯಾಸ್ತ. ಹಿಂದೆ ಒಂದು ಪಿಟೀಲು. ಅದಕ್ಕೆ ಪ್ರಾಯೋಗಿಕ ಅಂತ ಹೆಸರು. ನಮ್ಮ ಲೈನಿಗೂ ಒಂದು ತಂಡ ಬಂದಿತ್ತು. ಮೂವತ್ತು ವರ್ಷ ಕಲ್ಲು ಕೊರೆದು, ಧೂಳು ಕುಡಿದು, ಸಿಲಿಕೋಸಿಸ್ ಹಿಡಿದ ಒಬ್ಬ ತಾತನನ್ನು ಮಂಚದ ಮೇಲೆ ಕೂರಿಸಿದರು. ತಾತ ಕೆಮ್ಮಿದ. "ಸೌಂಡ್ ಸರಿಯಾಗಿ ಬರ್ಲಿಲ್ಲ. ಇನ್ನೊಂದ್ಸಲ ಕೆಮ್ಮಿ ತಾತಾ" ಅಂದ ಒಬ್ಬ. ಪಾಪ, ತಾತ ಕೆಮ್ಮಿದ. ಆ ಚಿತ್ರ ಎಲ್ಲಿಗೆ ಹೋಯಿತೋ ಲೈನಿನಲ್ಲಿ ಯಾರೂ ನೋಡಲಿಲ್ಲ. ಅಂದು ಬೆರಳ ಗುರುತು ಕೊಡಲ್ಲ ಅಂದ ಜನರ ಮೊಮ್ಮಕ್ಕಳು ನಾವು. ಇಂದು ಮುಖ, ಕೆಮ್ಮು, ಕಣ್ಣೀರು ಎಲ್ಲವನ್ನೂ ಪುಕ್ಕಟೆ ಕೊಟ್ಟು ಕಳಿಸ್ತಾ ಇದ್ದೀವಿ.

ಪ್ರಯೋಗ ಬೇಡ ಅಂತ ನಾನು ಹೇಳ್ತಿಲ್ಲ. ಪ್ರಯೋಗದ ಅಗತ್ಯ ಎಲ್ಲರಿಗಿಂತ ಹೆಚ್ಚು ಇರೋದು ನಮಗೇ. 1965ರಲ್ಲಿ ಈ ಗಣಿಯ ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಅನ್ನೋ ಕಣದ ಗುರುತು ಹಿಡಿದರು. ಕಣ್ಣಿಗೆ ಕಾಣದ ಕಣವೂ ಅಲ್ಲಿ ಕಂಡಿತು. ಅದೇ ಆಳದಲ್ಲಿ ಬೆವರು ಸುರಿಸುತ್ತಿದ್ದ ಮನುಷ್ಯ ದೇಶಕ್ಕೆ ಕಾಣಲಿಲ್ಲ. ಈಗ ಆ ಸುರಂಗಗಳಲ್ಲಿ ನೀರು ತುಂಬಿದೆ. ಅಲ್ಲಿಗೆ ಯಾವ ಕ್ಯಾಮೆರಾವೂ ಇಳಿಯೋದಿಲ್ಲ. ಆ ಕತ್ತಲನ್ನು ತೋರಿಸೋದು ಹೇಗೆ? ಕಪ್ಪು ತೆರೆ ಬಿಟ್ಟು ಬರೀ ದನಿ ಕೇಳಿಸಬೇಕಾದೀತು. ಗೇಟ್ ಪಾಸು, ಸಂಬಳದ ಚೀಟಿ, ಗಂಡನಿಗಾಗಿ ಕಾದ ಹೆಂಗಸಿನ ಮಾತು, ತಮಿಳು–ತೆಲುಗು–ಕನ್ನಡ ಮೂರೂ ಬೆರೆತ ನಮ್ಮ ಲೈನಿನ ನುಡಿ, ಇವುಗಳಿಂದಲೇ ಚಿತ್ರ ಕಟ್ಟಬೇಕಾದೀತು. ಕ್ಯೂಬಾದ ಸಾಂತಿಯಾಗೋ ಅಲ್ವಾರೆಜ್ 1965ರಲ್ಲೇ ಇದನ್ನು ಮಾಡಿ ತೋರಿಸಿದ. ಅಮೆರಿಕದ ಕರಿಯರ ಮೇಲಿನ ಹಲ್ಲೆಯ ಪತ್ರಿಕಾ ಫೋಟೋಗಳು, ಸುದ್ದಿಚಿತ್ರದ ತುಣುಕುಗಳು, ಲೀನಾ ಹಾರ್ನ್ ಹಾಡಿದ ಒಂದು ಹಾಡು. ಐದಾರು ನಿಮಿಷದ 'ನೌ' ಚಿತ್ರ ಸಿದ್ಧವಾಯಿತು. ಕೈಲಿ ಏನಿತ್ತೋ ಅದರಿಂದಲೇ ರೂಪ ಹುಟ್ಟಿತು.

ನಮ್ಮವರೂ ಮಾಡಿದ್ದಾರೆ. ಮಹಾರಾಷ್ಟ್ರದ ವಡಾರ ಕೇರಿಯಿಂದ ಬಂದ ನಾಗರಾಜ ಮಂಜುಳೆ ಅಹ್ಮದ್‌ನಗರದಲ್ಲಿ ಓದುವಾಗ ಪಾಠದ ಭಾಗವಾಗಿ ತೆಗೆದದ್ದು 'ಪಿಸ್ತುಲ್ಯಾ'. ಶಾಲೆಗೆ ಹೋಗಲು ಹಂಬಲಿಸುವ ಹುಡುಗನ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2024ರಲ್ಲಿ ನಮ್ಮ ಚಿದಾನಂದ ನಾಯ್ಕ, ಕೋಳಿ ಕದ್ದು ಊರಿಗೆ ಬೆಳಗೇ ಆಗದಂತೆ ಮಾಡಿದ ಅಜ್ಜಿಯ ಜನಪದ ಕಥೆಯನ್ನು ಪುಣೆಯ ವಿದ್ಯಾರ್ಥಿಚಿತ್ರವಾಗಿ ತೆಗೆದರು. ಅದು ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿ ಹೇಳುವ ಕಥೆಗೆ ಅಷ್ಟು ಬಲ ಇದೆ. ನಾವೇನು ಮಾಡ್ತಿದ್ದೀವಿ? ಐದು ನಿಮಿಷ ಅಳಿಸಿ, ಕೊನೆಗೆ ಬಾಬಾಸಾಹೇಬರ ಫೋಟೋ ತೋರಿಸಿ, ಒಂದು ನೀತಿವಾಕ್ಯ ಅಂಟಿಸಿ ಕೈತೊಳೆದುಕೊಳ್ತೀವಿ. 1973ರಲ್ಲಿ ಬಸವಲಿಂಗಪ್ಪನವರು ಸಾಹಿತ್ಯದ ಬೂಸಾ ಬಗ್ಗೆ ಮಾತಾಡಿದರು. ನೀಲಿ ಬಣ್ಣ ಬಳಿದ ಮಾತ್ರಕ್ಕೆ ಬೂಸಾ ಅನ್ನವಾಗಲ್ಲ ಗೆಳೆಯರೇ.

ನೇರ ಮಾತಾಡಿದ ಚಿತ್ರಕ್ಕೆ ಅಡ್ಡಗಾಲು ಇದ್ದೇ ಇದೆ. ರೋಹಿತ್ ವೇಮುಲನ ಸಾವಿನ ನಂತರ ಹೈದರಾಬಾದಿನ ವಿದ್ಯಾರ್ಥಿಗಳ ಹೋರಾಟದ ಸುತ್ತ ರಾಮಚಂದ್ರ ಪಿ.ಎನ್. ತೆಗೆದ ಸಾಕ್ಷ್ಯಚಿತ್ರಕ್ಕೆ 2017ರಲ್ಲಿ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರ ಉತ್ಸವದಲ್ಲಿ ತೋರಿಸಲು ಕೇಂದ್ರ ಸರ್ಕಾರ ಸೆನ್ಸಾರ್ ವಿನಾಯಿತಿ ಕೊಡಲಿಲ್ಲ. ಸಾವಿರ ಕೋಟಿಯ ಗುಂಡಿನ ಸದ್ದಿಗೆ ಹೆದರದ ಸರ್ಕಾರ ಒಂದು ಸಣ್ಣ ಚಿತ್ರಕ್ಕೆ ಹೆದರಿತು. ಸಣ್ಣದರ ಶಕ್ತಿ ಅವರಿಗೆ ಗೊತ್ತಿದೆ, ನಮಗೇ ಗೊತ್ತಿಲ್ಲ.

ದುಡ್ಡೆಲ್ಲಿ ಅಂತೀರಾ? ಕೇರಳದ ಜಾನ್ ಅಬ್ರಹಾಂ ಮತ್ತವರ ಒಡೆಸ್ಸಾ ಬಳಗ ಊರೂರು ತಿರುಗಿ ಜನರಿಂದ ಚಂದಾ ಎತ್ತಿ 1986ರಲ್ಲಿ 'ಅಮ್ಮ ಅರಿಯಾನ್' ತೆರೆಗೆ ತಂದರು. ಅಷ್ಟು ದೂರ ಯಾಕೆ? ಅಯೋತಿ ದಾಸರು 1907ರಲ್ಲಿ ಮದರಾಸಿನಲ್ಲಿ ಶುರುಮಾಡಿದ 'ತಮಿಳನ್' ಪತ್ರಿಕೆ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಅಪ್ಪಾದುರೈಯಾರ್ ಅವರ ಕೈಲಿ ಮತ್ತೆ ಹೊರಟದ್ದು ಇದೇ ಗಣಿಯ ಊರಿನಿಂದ. ನೆಲದಡಿ ದುಡಿದು ಬಂದವರ ಊರಿಗೆ ಅಂದು ಪತ್ರಿಕೆ ನಡೆಸುವ ತಾಕತ್ತಿತ್ತು. ಇಂದು ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇದೆ. ನಾವು ಅದರಲ್ಲಿ ಹೀರೋನ ಡೈಲಾಗಿಗೆ ತುಟಿ ಆಡಿಸ್ತಾ ಕೂತಿದ್ದೀವಿ.

ಗಣಿ ಮುಚ್ಚಿದಾಗ ಐವತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ವರ್ಷಕ್ಕಿಷ್ಟು ಜನ ಮಣ್ಣಾಗ್ತಿದ್ದಾರೆ, ಜೊತೆಗೆ ಆ ಕತ್ತಲ ಲೆಕ್ಕವೂ. ಮೇಷ್ಟ್ರುಗಳೇ, ನಿಮ್ಮ ಶಾಲೆಯ ಪ್ರತಿ ಮಗುವಿಗೂ ತನ್ನ ತಾತ, ಅಜ್ಜಿಯ ಮಾತನ್ನು ಹತ್ತು ನಿಮಿಷ ಹಿಡಿದು ತರೋದಕ್ಕೆ ಹೇಳಿ. ಕಾಲೇಜಿನ ಗೆಳೆಯರೇ, ಅದನ್ನು ಕೂಡಿಸಿ, ಕತ್ತರಿಸಿ, ಚಿತ್ರ ಮಾಡಿ. ಮೊದಲ ಆಟ ಚಾಂಪಿಯನ್, ಕೋರಮಂಡಲ್, ಉರಿಗಾಂ ಲೈನುಗಳ ಗೋಡೆಯ ಮೇಲೆ ನಡೀಲಿ. ಚಿತ್ರದಲ್ಲಿ ಇರುವವರು ಎದುರಿಗೆ ಕೂತು, "ಇದು ಸುಳ್ಳು, ತೆಗೀರಿ" ಅಂದರೆ ಆ ದೃಶ್ಯ ತೆಗೀಬೇಕು. ಅಷ್ಟು ಹಕ್ಕು ಅವರಿಗಿಲ್ಲದಿದ್ದರೆ, ನಾವೇ ತೆಗೆದರೂ ಅದು ಕಂಪನಿಯ ಚಿತ್ರವೇ.