ಕೊನೇ ಹಾಡು ಮತ್ತು ಲಾಸ್ಟ್ ಬಸ್ಸು

1/8
ಹಸಿರು ಉತ್ಸವ. ಇಕೋ ಫ್ರೆಂಡ್ಲಿ ಫೆಸ್ಟ್. ಝೀರೋ ವೇಸ್ಟ್ ನೈಟ್. ಈಗ ಯಾವ ಕಾಲೇಜಿನ ಪೋಸ್ಟರ್ ನೋಡಿದರೂ ಮೂಲೆಯಲ್ಲಿ ಒಂದು ಹಸಿರು ಎಲೆಯ ಚಿತ್ರ ಉಂಟು. ಒಳ್ಳೆಯದೇ, ಬೇಡ ಅಂತ ಹೇಳುದಲ್ಲ. ಆದರೆ ಆ ಎಲೆ ನೋಡಿದಾಗೆಲ್ಲ ನನಗೆ ಎರಡೇ ಪ್ರಶ್ನೆ ಕೇಳಬೇಕು ಅನ್ನಿಸ್ತದೆ: ಪ್ರೋಗ್ರಾಂ ಎಷ್ಟು ಗಂಟೆಗೆ ಮುಗೀತದೆ? ಮುಗಿದ ಮೇಲೆ ಮನೆಗೆ ಹೋಗ್ಲಿಕ್ಕೆ ಬಸ್ ಉಂಟಾ?

ಪರಿಸರಕ್ಕೂ ಬಸ್ಸಿಗೂ ಎಂತ ಸಂಬಂಧ ಅಂತ ಕೇಳ್ತೀರಿ ಅಲ್ವಾ? ಹೇಳ್ತೇನೆ. ಸ್ವಲ್ಪ ಉದ್ದ ಉಂಟು, ಸ್ವೈಪ್ ಮಾಡ್ತಾ ಓದಿ.

2/8
ನಮ್ಮ ರಾಜ್ಯದಲ್ಲಿ "ಹಸಿರು ಸಂಗೀತೋತ್ಸವ" ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಬೆಂಗಳೂರಿನ ಎಕೋಸ್ ಆಫ್ ಅರ್ಥ್. 2016ರಲ್ಲಿ ಶುರುವಾದದ್ದು. ಗುಜರಿ ಕಬ್ಬಿಣ, ಬಿದಿರು, ಹಳೇ ಮರದ ತುಂಡು ಸೇರಿಸಿ ಪ್ರಾಣಿ, ಪಕ್ಷಿ, ಕೀಟಗಳ ಆಕಾರದಲ್ಲಿ ವೇದಿಕೆ ಕಟ್ತಾರೆ. ನೋಡಿದ್ರೆ ಕಣ್ಣು ತೆಗೀಲಿಕ್ಕೆ ಆಗುದಿಲ್ಲ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಒಳಗೆ ಬೇಡ ಅನ್ನೋದು ಅವರ ನಿಯಮ. ಇದನ್ನೆಲ್ಲ ಮೆಚ್ಚಲೇಬೇಕು.

ಆದರೆ ಅದು ವರ್ಷಗಳಿಂದ ನಡೆದದ್ದು ಊರ ಉತ್ತರದ ಹೊರವಲಯದಲ್ಲಿ, ವಿಮಾನ ನಿಲ್ದಾಣದ ಕಡೆ ಇರುವ ಕುದುರೆ ಸವಾರಿ ಶಾಲೆಯ ಮೈದಾನದಲ್ಲಿ. ಮೆಟ್ರೋ ಇಳಿದು ನಡ್ಕೊಂಡು ಹೋಗುವ ಜಾಗ ಅಲ್ಲ. ನಗರದ ಉತ್ಸವ, ಆದರೆ ನಗರದವರೇ ಕಾರು, ಕ್ಯಾಬು ಹಿಡಿದು ಹೋಗಬೇಕು. ಗುಜರಿಯ ವೇದಿಕೆಯ ಫೋಟೋ ನಮ್ಮ ಫೀಡಿಗೆ ಬರ್ತದೆ. ಪಾರ್ಕಿಂಗ್ ಜಾಗದ ಫೋಟೋ ಯಾರೂ ಹಾಕುದಿಲ್ಲ.

3/8
ಇದು ಅವರೊಬ್ಬರ ಸಮಸ್ಯೆ ಅಲ್ಲ. ಇಂಗ್ಲೆಂಡಿನ ರೇಡಿಯೋಹೆಡ್ ಬ್ಯಾಂಡ್ 2007ರಲ್ಲೇ ತನ್ನ ಪ್ರವಾಸಗಳ ಇಂಗಾಲದ ಲೆಕ್ಕ ಮಾಡಿಸಿತ್ತು. ಬಹುಪಾಲು ಹೊಗೆ ಬಂದದ್ದು ಸ್ಪೀಕರ್‌ನಿಂದಲ್ಲ, ಲೈಟ್‌ನಿಂದಲ್ಲ, ಅಭಿಮಾನಿಗಳ ಪ್ರಯಾಣದಿಂದ.

2025ರ ಜನವರಿಯಲ್ಲಿ ನವಿ ಮುಂಬೈಗೆ, ಅಹಮದಾಬಾದಿಗೆ ಬಂದ ಕೋಲ್ಡ್‌ಪ್ಲೇ ನೆನಪುಂಟಲ್ಲ? ಮಿನುಗುವ ಕೈಪಟ್ಟಿ ವಾಪಸ್ ತಗೊಂಡದ್ದು, ಕುಣಿದರೆ ಕರೆಂಟು ಹುಟ್ಟುವ ನೆಲ, ಎಲ್ಲ ರೀಲ್ ಆಯ್ತು. ಹಿಂದಿನ ಪ್ರವಾಸಕ್ಕೆ ಹೋಲಿಸಿದರೆ ಹೊಗೆ 59% ಕಡಿಮೆ ಆಗಿದೆ ಅಂತ 2024ರಲ್ಲಿ ಅವರು ಹೇಳಿದ್ರು. ಆದರೆ ಆ ಲೆಕ್ಕ ವೇದಿಕೆ, ಸಾಮಾನು ಸಾಗಾಟ, ತಂಡದವರ ಓಡಾಟಕ್ಕೆ ಸೇರಿದ್ದು. ನೋಡ್ಲಿಕ್ಕೆ ಬಂದವರ ಪ್ರಯಾಣ ಅದರಲ್ಲಿ ಇಲ್ಲ.

ಅಂದ್ರೆ ಉತ್ಸವದ ದೊಡ್ಡ ಹೊಗೆ ಗೇಟಿನ ಹೊರಗೆ ಉಂಟು. ನಾವು ಗೇಟಿನ ಒಳಗೆ ಎಲೆ ಅಂಟಿಸ್ತಾ ಇದ್ದೇವೆ.

4/8
ಈಗ ನಮ್ಮ ಊರಿಗೆ ಬನ್ನಿ. 2022ರಲ್ಲಿ ಉಡುಪಿ-ಉಚ್ಚಿಲ ದಸರಾ ಶುರುವಾದ ಮೇಲೆ ನವರಾತ್ರಿಯಲ್ಲಿ ಉಚ್ಚಿಲ ಬೇರೆಯೇ ಊರು. ಮಹಾಲಕ್ಷ್ಮಿ ದೇವಸ್ಥಾನದ ಎದುರು ದೀಪ, ಸಂಗೀತ, ನೃತ್ಯ. ಶತವೀಣಾ ವಲ್ಲರಿ ಅಂತ ವೀಣೆಗಳೆಲ್ಲ ಒಟ್ಟಿಗೆ ನುಡಿದದ್ದು ಇಲ್ಲೇ. ಕೊನೆಗೆ ಶೋಭಾಯಾತ್ರೆ ಕಾಪು ಬೀಚಿನ ತನಕ. ಟಿಕೆಟ್ ಇಲ್ಲ, ವಿಐಪಿ ಬ್ಯಾಂಡ್ ಇಲ್ಲ. ಮೀನು ಮಾರುವ ಅಕ್ಕನೂ ಡಾಕ್ಟರೂ ಒಂದೇ ಗುಂಪಲ್ಲಿ ನಿಂತು ನೋಡುವ ಉತ್ಸವ. ಇದಕ್ಕಿಂತ ಒಳ್ಳೆ ಪ್ರೇಕ್ಷಕರು ಯಾವ ದೊಡ್ಡ ಫೆಸ್ಟಿಗೂ ಸಿಗುದಿಲ್ಲ.

ಉಚ್ಚಿಲದ ಭಾಗ್ಯ ಅಂದ್ರೆ ರಾಷ್ಟ್ರೀಯ ಹೆದ್ದಾರಿ 66. ಹಗಲು ಹೊತ್ತಲ್ಲಿ ಕೈ ಅಡ್ಡ ಹಿಡಿದ್ರೆ ಉಡುಪಿ ಕಡೆಗೋ ಮಂಗಳೂರು ಕಡೆಗೋ ಬಸ್ ಸಿಕ್ತದೆ. ಕಷ್ಟ ಬರುದು ರಾತ್ರಿ. ಹೆದ್ದಾರಿ ಬಿಟ್ಟು ಒಳಗಿನ ಊರುಗಳಿಗೆ, ಶಿರ್ವ, ಬೆಳ್ಮಣ್, ಕಾರ್ಕಳದ ಕಡೆ, ಹೊತ್ತು ಏರಿದ ಹಾಗೆ ಬಸ್ ಕಡಿಮೆ ಆಗ್ತದೆ. ಹಾಗಾಗಿ ಮನೆಯಿಂದ ಹೊರಡುವಾಗಲೇ ಬೈಕು, ಕಾರು ತೆಗೀತೇವೆ.

ಒಂದು ಅಂದಾಜು ಲೆಕ್ಕ ಹಾಕಿದೆ. 20 ಕಿ.ಮೀ. ದೂರದಿಂದ ಸಾವಿರ ಜನ ಬಂದು ಹೋದ್ರು ಅಂತ ಇಟ್ಟುಕೊಳ್ಳಿ. ಕಾರಿಗೆ ನಾಲ್ಕು ಜನ ಅಂದ್ರೆ 250 ಕಾರು, ಲೀಟರಿಗೆ 15 ಕಿ.ಮೀ. ಲೆಕ್ಕದಲ್ಲಿ ಸುಮಾರು 670 ಲೀಟರ್ ಇಂಧನ. ಬಸ್ಸಿಗೆ ಐವತ್ತು ಜನ ಅಂದ್ರೆ 20 ಬಸ್ಸು, ಲೀಟರಿಗೆ 4 ಕಿ.ಮೀ. ಹಿಡಿದರೂ 200 ಲೀಟರ್. ಹೆದ್ದಾರಿ ಬದಿಯಲ್ಲಿ ಸಾಲಾಗಿ ನಿಲ್ಲುವ 250 ಕಾರು, ಅವುಗಳ ನಡುವೆ ಮಕ್ಕಳನ್ನು ಎಳ್ಕೊಂಡು ರಸ್ತೆ ದಾಟುವ ಅಮ್ಮಂದಿರು ಈ ಲೆಕ್ಕದಲ್ಲಿ ಇಲ್ಲ.

5/8
ಆದರೆ ನನ್ನ ಮುಖ್ಯ ಮಾತು ಪೆಟ್ರೋಲಿನದ್ದಲ್ಲ.

ಮೂರನೇ ಫೋಟೋ ನೋಡಿ. ಒಂದು ಸಂಗೀತ ಸಂಜೆ, ಗಂಟೆ ಎಂಟೂವರೆ. ಎದುರಿನ ಸಾಲು ಖಾಲಿ ಆಗ್ತಾ ಉಂಟು. ಹಾಡು ಚಂದ ಇಲ್ಲ ಅಂತ ಎದ್ದವರಲ್ಲ ಅವರು. ಹೆಚ್ಚಿನವರು ಹುಡುಗಿಯರು, ಮತ್ತೆ ವಯಸ್ಸಾದವರು. ಬ್ಯಾಗು ಹೆಗಲಿಗೆ ಹಾಕಿ, ತಿರುಗಿ ತಿರುಗಿ ವೇದಿಕೆ ನೋಡ್ತಾ ಬಸ್ ಸ್ಟಾಪಿಗೆ ಓಡ್ತಾರೆ. ಆರ್ಕೆಸ್ಟ್ರಾದವರು ಒಳ್ಳೆ ಹಾಡು ಕೊನೆಗೆ ಇಟ್ಟಿರ್ತಾರೆ. ಆ ಹಾಡು ಕೇಳುದು ಯಾರು? ಸ್ವಂತ ಗಾಡಿ ಇದ್ದವರು.

"ನಮ್ಮನೆಯಲ್ಲಿ ಬಿಡುದಿಲ್ಲ" ಅಂತ ನಿಮ್ಮ ಕ್ಲಾಸಿನ ಎಷ್ಟು ಹುಡುಗಿಯರು ಹೇಳಿದ್ದಾರೆ, ಲೆಕ್ಕ ಹಾಕಿ. ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮನಿಗೆ ಹಾಡಿನ ಮೇಲೆ ಸಿಟ್ಟಿಲ್ಲ. ಬರುವಾಗ ಯಾರೊಟ್ಟಿಗೆ ಬರ್ತಿ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ, ಅಷ್ಟೇ. ಬಸ್ ಉಂಟು ಅಂದಿದ್ರೆ ಆ ಮಾತೇ ಬರ್ತಿರಲಿಲ್ಲ.

ಹಾಗಾಗಿ ಪರಿಸರ ಬೇರೆ, ಪ್ರೇಕ್ಷಕರ ಅನುಭವ ಬೇರೆ ಅಂತ ನನಗೆ ಅನ್ನಿಸುದಿಲ್ಲ. ಬಸ್ಸಲ್ಲಿ ಬಂದವಳಿಗೆ ಕೊನೇ ಹಾಡು ಸಿಗದ ಉತ್ಸವ, ಎಷ್ಟು ಬಾಳೆಎಲೆ ಕಟ್ಟಿದರೂ ಹಸಿರಲ್ಲ.

6/8
"ಹತ್ತು ಗಂಟೆಗೆ ಮುಗಿಸಿದ್ರೆ ಮಜಾ ಎಂತ ಉಂಟು ಮಾರಾಯ?" ಈ ಕಮೆಂಟ್ ಬರ್ತದೆ, ಗೊತ್ತುಂಟು. ಕಾನೂನಿನ ಮಾತು ಮೊದಲು: 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬದ ದಿನಗಳಿಗೆ ಸರಕಾರ 12ರ ತನಕ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ.

ಇನ್ನು ಮಜಾದ ಮಾತು. ನಮ್ಮ ಯಕ್ಷಗಾನ ನೋಡಿ. ಕಾಲಮಿತಿ ಆಟವೋ, ಇಡೀ ರಾತ್ರಿ ಆಟವೋ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ನಾನು ಅದರ ಒಳಗೆ ಹೋಗುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಹಳೇ ಆಟಕ್ಕೆ ಜನ ಸೂಟೆ ಹಿಡ್ಕೊಂಡು, ಗುಂಪು ಗುಂಪಾಗಿ ನಡ್ಕೊಂಡು ಬರ್ತಿದ್ರು. ಚಾಪೆ ಹಾಸಿ ಕೂತು, ನಡುವೆ ಒಂದು ನಿದ್ದೆ ತೆಗ್ದು, ಬೆಳಿಗ್ಗೆ ಮಂಗಳ ಆದ ಮೇಲೆ ಬೆಳಕಲ್ಲಿ ಮನೆಗೆ. ಮತ್ತೆ ಬಸ್ ಬಂದ ಕಾಲದಲ್ಲಿ ಫಸ್ಟ್ ಬಸ್ಸು. ಇಡೀ ರಾತ್ರಿಯ ಆಟಕ್ಕೆ ಲಾಸ್ಟ್ ಬಸ್ಸಿನ ಚಿಂತೆಯೇ ಇರಲಿಲ್ಲ. ಈಗಿನ ಕಾಲಮಿತಿ ಆಟವೂ ಒಂದು ದಾರಿ.

ಎರಡೂ ಅಲ್ಲದ್ದು ನಮ್ಮ ಈಗಿನ ಕ್ರಮ. ಲಾಸ್ಟ್ ಬಸ್ ಹೋಗಿ ಆಗಿದೆ, ಫಸ್ಟ್ ಬಸ್ಸಿಗೆ ಇನ್ನೂ ಆರು ಗಂಟೆ ಉಂಟು, ಆವಾಗ "ಎಲ್ಲರಿಗೂ ಧನ್ಯವಾದ, ಜಾಗ್ರತೆಯಿಂದ ಮನೆ ಸೇರಿ" ಅಂತ ಮೈಕಲ್ಲಿ ಹೇಳುದು.

7/8
ಸರಿ ಮಾಡ್ಲಿಕ್ಕೆ ಆಗ್ತದಾ? ಆಗ್ತದೆ. 2024ರ ಆಗಸ್ಟ್ 25ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮ್ಯಾಸಿವ್ ಅಟ್ಯಾಕ್ ಬ್ಯಾಂಡ್ ತನ್ನ ಸ್ವಂತ ಊರಲ್ಲೇ ಒಂದು ದೊಡ್ಡ ಕಾರ್ಯಕ್ರಮ ಮಾಡಿತು. ಡೀಸೆಲ್ ಜನರೇಟರ್ ಬದಲು ಬ್ಯಾಟರಿ. ಪ್ರೇಕ್ಷಕರಿಗೆ ಕಾರ್ ಪಾರ್ಕಿಂಗ್ ಇಲ್ಲವೇ ಇಲ್ಲ. ಬದಲಿಗೆ ಸ್ಟೇಷನ್‌ನಿಂದ ಮೈದಾನಕ್ಕೆ ಎಲೆಕ್ಟ್ರಿಕ್ ಬಸ್ಸು, ಮುಗಿದ ಮೇಲೆ ಊರಿಗೆ ಹೋಗುವವರಿಗೆ ವಿಶೇಷ ರೈಲು. ಹತ್ತಿರದ ಊರಿನವರಿಗೆ ಟಿಕೆಟ್ ಮೊದಲು. ಹಾಡಿನ ಪಟ್ಟಿಯಷ್ಟೇ ಗಮನ ರೈಲಿನ ಪಟ್ಟಿಗೂ ಕೊಟ್ಟರು.

ನಮ್ಮಲ್ಲಿ ರೈಲು ತರಿಸುದು ಬೇಡ. ಜಿಲ್ಲೆಯ ಎಷ್ಟು ಕಾಲೇಜುಗಳ ಬಸ್ಸು ಸಂಜೆ ಆರರ ಮೇಲೆ ಅಂಗಳದಲ್ಲಿ ಸುಮ್ಮನೆ ನಿಂತಿರ್ತದೆ, ಹೇಳಿ. ಡ್ರೈವರಣ್ಣನಿಗೆ ಓವರ್‌ಟೈಮ್, ಡೀಸೆಲ್ ಖರ್ಚು, ಇಷ್ಟೇ. ಒಂದು ರಾತ್ರಿಯ ಪಟಾಕಿ, ಫ್ಲೆಕ್ಸಿನ ದುಡ್ಡಲ್ಲಿ ಅದು ಆಗ್ತದೆ ಅಂತ ನನ್ನ ನಂಬಿಕೆ. ನೂರು ರೂಪಾಯಿ ಟಿಕೆಟ್‌ನೊಟ್ಟಿಗೆ ಇಪ್ಪತ್ತು ರೂಪಾಯಿ ಬಸ್ಸಿನದ್ದು ಅಂತ ಸೇರಿಸಿದ್ರೂ ಯಾರೂ ಬೇಡ ಅನ್ನುದಿಲ್ಲ.

8/8
ಹಾಗಾದ್ರೆ ನಾವೆಂತ ಮಾಡುದು? ದೊಡ್ಡ ಉತ್ಸವ ನಮ್ಮ ಕೈಯಲ್ಲಿಲ್ಲ. ಆದರೆ ಕಾಲೇಜ್ ಡೇ, ಫೆಸ್ಟು, ಊರಿನ ಯುವಕ ಮಂಡಲದ ವಾರ್ಷಿಕೋತ್ಸವ ನಮ್ಮ ಕೈಯಲ್ಲೇ ಉಂಟು. ಮುಂದಿನ ಕಮಿಟಿ ಮೀಟಿಂಗಿಗೆ ಈ ಮೂರು ಮಾತು ತಗೊಂಡು ಹೋಗಿ.

ಒಂದು, ಆಮಂತ್ರಣದಲ್ಲಿ ಶುರುವಾಗುವ ಗಂಟೆ ಮಾತ್ರ ಇರ್ತದೆ. ಮುಗಿಯುವ ಗಂಟೆಯೂ ಹಾಕಿ, ಅದಕ್ಕೆ ಸರಿಯಾಗಿ ಮುಗಿಸಿ. ಭಾಷಣ ಕಡಿಮೆ ಮಾಡಿದ್ರೆ ಅರ್ಧ ಗಂಟೆ ತಾನಾಗಿ ಉಳೀತದೆ.

ಎರಡು, ಅದರ ಕೆಳಗೆ ಬಸ್ಸಿನ ದಾರಿ ಬರೀರಿ. ಯಾವ ಕಡೆಗೆ, ಎಲ್ಲಿಂದ, ಎಷ್ಟು ಗಂಟೆಗೆ.

ಮೂರು, ಸ್ಟೀಲ್ ಡ್ರಮ್ಮಿನಲ್ಲಿ ನೀರು ಇಡಿ, ಮನೆಯ ಬಾಟಲಿ ಒಳಗೆ ಬಿಡಿ. ಗೇಟಲ್ಲಿ ಬಾಟಲಿ ಕಸಿದು ಒಳಗೆ ಅದೇ ನೀರು ಮಾರುವ ಕ್ರಮಕ್ಕೆ ಹಸಿರು ಎಲೆ ಒಪ್ಪುದಿಲ್ಲ.

ಇಷ್ಟು ಆದ ಮೇಲೆ ಪೋಸ್ಟರಿನಲ್ಲಿ ಎಲೆ ಹಾಕಿ, ಬೇಕಾದ್ರೆ ಇಡೀ ಮರವೇ ಹಾಕಿ.

ನಿಮ್ಮ ಊರಿನ ಲಾಸ್ಟ್ ಬಸ್ ಎಷ್ಟು ಗಂಟೆಗೆ? ಊರಿನ ಹೆಸರು, ಬಸ್ಸಿನ ಟೈಮ್ ಕಮೆಂಟಲ್ಲಿ ಬರೀರಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡುವ. ಈ ಸಲದ ಫೆಸ್ಟ್ ಕಮಿಟಿಗೆ ಕೊಡ್ಲಿಕ್ಕೆ ಅದೊಂದು ಕಾಗದ ಸಾಕು.

#ಉಚ್ಚಿಲ #ಕಾಪು #ಉಡುಪಿ #ಲಾಸ್ಟ್‌ಬಸ್ #ಹಸಿರುಉತ್ಸವ