ಘಾಟಿಗೆ ಹೆಸರಿದೆ, ಹೆದ್ದಾರಿಗೆ ಸಂಖ್ಯೆ ಮಾತ್ರ

ಬೆಂಗಳೂರಿನಿಂದ ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಇಳಿಯುವ ರಸ್ತೆಯನ್ನು ದಶಕಗಳ ಕಾಲ ರಾಷ್ಟ್ರೀಯ ಹೆದ್ದಾರಿ 48 ಎಂದು ಕರೆಯಲಾಗುತ್ತಿತ್ತು. 2010ರಲ್ಲಿ ಕೇಂದ್ರ ಸರ್ಕಾರವು ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಯನ್ನು ಪರಿಷ್ಕರಿಸಿತು. ಶಿರಾಡಿಯ ರಸ್ತೆ 75 ಆಯಿತು. ಅದರ ಹಳೆಯ ಸಂಖ್ಯೆಯಾದ 48, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳ ಬಯಲಿನಲ್ಲಿ ಸಾಗುವ ಪುಣೆ–ಬೆಂಗಳೂರು ರಸ್ತೆಗೆ ಹೋಯಿತು. ಘಾಟಿಯ ತಿರುವುಗಳು ಅಲ್ಲೇ ಇವೆ, ಕೆಂಪುಹೊಳೆಯೂ ಅಲ್ಲೇ ಹರಿಯುತ್ತಿದೆ. ಬದಲಾದದ್ದು ಕಡತದ ಮೇಲಿನ ಅಂಕಿ ಮಾತ್ರ. ಆದರೆ ಮಲೆನಾಡಿನ ಜಮೀನು, ಕಾಡು ಮತ್ತು ನೀರಿನ ಭವಿಷ್ಯ ನಿರ್ಧಾರವಾಗುವುದು ಕಡತದಲ್ಲಿಯೇ ಆದ್ದರಿಂದ ಈ ಅಂಕಿಯ ಚರಿತ್ರೆಯನ್ನು ಗ್ರಾಮಸ್ಥರೂ ವಿದ್ಯಾರ್ಥಿಗಳೂ ಅರಿತಿರುವುದು ಅವಶ್ಯಕ.

ರಸ್ತೆಗಳನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿಗೆ ಅಡಿಪಾಯ ಬಿದ್ದದ್ದು 1943ರಲ್ಲಿ. ಆ ವರ್ಷ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳ ಸಮ್ಮೇಳನವು ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮೀಣ ರಸ್ತೆಗಳೆಂದು ವರ್ಗೀಕರಿಸಿತು. ಪ್ರಾಂತೀಯ ಹೆದ್ದಾರಿಗಳೇ ಮುಂದೆ ರಾಜ್ಯ ಹೆದ್ದಾರಿಗಳಾದವು. 1956ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ರೂಪುಗೊಂಡಿತು. ಮೊದಲ ಸಂಖ್ಯೆಗಳು ಮಹಾನಗರಗಳನ್ನು ಬೆಸೆಯುವ ದಾರಿಗಳಿಗೆ ದೊರೆತವು. ಮುಂಬಯಿ–ಚೆನ್ನೈ ರಸ್ತೆ 4 ಎನಿಸಿದ್ದು ಹಾಗೆ. ತರುವಾಯ ಹೊಸದಾಗಿ ಘೋಷಣೆಯಾದ ರಸ್ತೆಗಳಿಗೆ ಬಹುಮಟ್ಟಿಗೆ ಮುಂದಿನ ಸಂಖ್ಯೆಯನ್ನು ನೀಡುತ್ತ ಹೋಗಲಾಯಿತು. ಹೀಗಾಗಿ ಚಾರ್ಮಾಡಿ ಘಾಟಿಯ ರಸ್ತೆ 234 ಆಯಿತು, ಬಂಡೀಪುರದ ಕಾಡಿನ ಮೂಲಕ ವಯನಾಡಿಗೆ ಹೋಗುವ ರಸ್ತೆ 212 ಆಯಿತು. ಆ ಸಂಖ್ಯೆಯಿಂದ ರಸ್ತೆ ಯಾವ ಸೀಮೆಯಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ.

2010ರ ಪರಿಷ್ಕರಣೆ ಈ ಗೊಂದಲವನ್ನು ನಿವಾರಿಸಲು ಬಂದದ್ದೆಂಬುದನ್ನು ಒಪ್ಪಬೇಕು. ಅದರ ಸೂತ್ರ ಸರಳವಾಗಿದೆ. ಉತ್ತರ–ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ. ಅದು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಪೂರ್ವ–ಪಶ್ಚಿಮವಾಗಿ ಸಾಗುವವುಗಳಿಗೆ ಬೆಸಸಂಖ್ಯೆ. ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಕರ್ನಾಟಕದ ಭೂಪಟವನ್ನು ಹರಡಿದ ಯಾವ ವಿದ್ಯಾರ್ಥಿಯೂ ಇದನ್ನು ಪರೀಕ್ಷಿಸಬಹುದು. ಹುಮನಾಬಾದಿನಲ್ಲಿ 65, ಹುಬ್ಬಳ್ಳಿ–ಬಳ್ಳಾರಿಯಲ್ಲಿ 67, ಹೊನ್ನಾವರ–ಸಾಗರದಲ್ಲಿ 69, ಚಾರ್ಮಾಡಿಯಲ್ಲಿ 73, ಶಿರಾಡಿಯಲ್ಲಿ 75. ಕರಾವಳಿಯುದ್ದಕ್ಕೂ ಸಾಗುವ ಹಳೆಯ 17 ಇಂದು 66. ಮೂರಂಕಿಯ ಸಂಖ್ಯೆಗಳು ಕವಲು ರಸ್ತೆಗಳು. ಅವುಗಳ ಕೊನೆಯ ಎರಡು ಅಂಕಿಗಳು ತಾಯಿರಸ್ತೆಯನ್ನು ಸೂಚಿಸುತ್ತವೆ. 69ರಿಂದ ಶಿವಮೊಗ್ಗದಲ್ಲಿ ಕವಲೊಡೆದದ್ದು 169. ಅದರಿಂದ ತೀರ್ಥಹಳ್ಳಿಯಲ್ಲಿ ಕವಲೊಡೆದು ಆಗುಂಬೆ ಘಾಟಿಯನ್ನಿಳಿದು ಉಡುಪಿಗೆ ಹೋಗುವುದು 169ಎ. ಕುಮಟಾದಿಂದ ದೇವಿಮನೆ ಘಟ್ಟವನ್ನೇರಿ ಶಿರಸಿಗೆ ಹೋಗುವುದು 766ಇ.

ಸೂತ್ರ ಸಮರ್ಪಕವಾಗಿದೆ. ದೋಷವಿರುವುದು ಅದನ್ನು ಬಳಸುವ ರೀತಿಯಲ್ಲಿ. ಜನರ ಬಾಯಲ್ಲಿ ರಸ್ತೆಗೆ ಘಾಟಿಯ ಹೆಸರಿದೆ, ಊರಿನ ಹೆಸರಿದೆ. ಕಾಯಿದೆಯ ಪ್ರಕಟಣೆಯಲ್ಲಿ ಎದ್ದು ಕಾಣುವುದು ಸಂಖ್ಯೆ ಮತ್ತು ಕಿಲೋಮೀಟರು. ಇವೆರಡರ ನಡುವಿನ ಅಂತರಕ್ಕೆ ಬೆಲೆ ತೆರುವವನು ರಸ್ತೆಯ ಅಂಚಿನ ರೈತ.

ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಪ್ರಕರಣದ ಪ್ರಕಾರ ಭೂಸ್ವಾಧೀನದ ಅಧಿಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲೊಂದು ದೇಶಭಾಷೆಯದಾಗಿರಬೇಕು. 3ಸಿ ಪ್ರಕರಣದಂತೆ ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನಗಳೊಳಗೆ ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಬೇಕು. ಆಕ್ಷೇಪಣೆಗಳು ಇತ್ಯರ್ಥವಾಗಿ 3ಡಿ ಘೋಷಣೆ ಹೊರಬಿದ್ದೊಡನೆ ಭೂಮಿ ಕೇಂದ್ರ ಸರ್ಕಾರದ ವಶವಾಗುತ್ತದೆ. ಇಪ್ಪತ್ತೊಂದು ದಿನವೆಂದರೆ ಮಳೆಗಾಲದಲ್ಲಿ ಪೇಟೆಯ ಮುಖ ನೋಡದೆ ಕಳೆದುಹೋಗುವ ಅವಧಿ. ಅಷ್ಟರಲ್ಲಿ ಪತ್ರಿಕೆ ಕೈಗೆ ಸಿಗಬೇಕು, ಅದರಲ್ಲಿರುವ ಸಂಖ್ಯೆ ತನ್ನ ತೋಟದ ಮುಂದಿನ ರಸ್ತೆಯದೇ ಎಂದು ತಿಳಿಯಬೇಕು, ಸರ್ವೆ ನಂಬರನ್ನು ಪಹಣಿಯೊಂದಿಗೆ ತಾಳೆ ನೋಡಬೇಕು. ಹೆದ್ದಾರಿಯ ಆರಂಭ, ಅಂತ್ಯಗಳೇ ಬದಲಾದಾಗ ಕಿಲೋಮೀಟರಿನ ಎಣಿಕೆಯೂ ಹಳೆಯದರೊಂದಿಗೆ ಹೊಂದಬೇಕೆಂದಿಲ್ಲ. ಮನೆಮುಂದಿನ ಹಳೆಯ ಮೈಲಿಗಲ್ಲನ್ನು ನಂಬಿ ಕುಳಿತವನು ತನ್ನ ಜಮೀನು ಪಟ್ಟಿಯಲ್ಲಿಲ್ಲವೆಂದು ಭ್ರಮಿಸುವ ಸಂಭವವುಂಟು.

ದರ್ಜೆಯ ಬದಲಾವಣೆಯಂತೂ ಇನ್ನೂ ಗಂಭೀರವಾದದ್ದು. ರಾಜ್ಯ ಹೆದ್ದಾರಿಯ ಮೈಲಿಗಲ್ಲಿನ ನೆತ್ತಿ ಹಸಿರು, ರಾಷ್ಟ್ರೀಯ ಹೆದ್ದಾರಿಯದು ಹಳದಿ. ಮೈಸೂರು–ಮಡಿಕೇರಿ–ಬಂಟ್ವಾಳ ರಸ್ತೆ ಹಿಂದೆ ರಾಜ್ಯ ಹೆದ್ದಾರಿ 88 ಆಗಿತ್ತು. ಇಂದು ಅದು ರಾಷ್ಟ್ರೀಯ ಹೆದ್ದಾರಿ 275ರ ಭಾಗ. ಹಸಿರು ಹಳದಿಯಾದಾಗ ರಸ್ತೆಯ ಒಡೆತನ ಕೇಂದ್ರಕ್ಕೆ ಹೋಗುತ್ತದೆ, ಅಗಲದ ಮಾನದಂಡ ಬದಲಾಗುತ್ತದೆ, ಗುಡ್ಡದ ಬುಡವನ್ನು ಕಡಿಯುವ ಯೋಜನೆಗೆ ದಾರಿಯಾಗುತ್ತದೆ. ಘಟ್ಟದ ಮಣ್ಣು ದರ್ಜೆಯನ್ನು ನೋಡಿ ಗಟ್ಟಿಯಾಗುವುದಿಲ್ಲ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಡಿಕೇರಿ–ಸಂಪಾಜೆ ನಡುವೆ ಇದೇ ರಸ್ತೆ ಕುಸಿಯಿತು. ಮರುವರ್ಷ ಚಾರ್ಮಾಡಿಯ ಸರದಿ ಬಂತು.

ಪರಿಸರ ಪರಿಣಾಮದ ವಿಮರ್ಶೆಯೂ ಅಂಕಿಗಳ ಆಟಕ್ಕೆ ಸಿಲುಕಿದೆ. 2006ರ ಅಧಿಸೂಚನೆಗೆ 2013ರಲ್ಲಿ ತಂದ ತಿದ್ದುಪಡಿಯಂತೆ, ಇರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿ.ಮೀ. ಮೀರಿದ್ದು, ಹೆಚ್ಚುವರಿ ಭೂಮಿಯ ಅಗಲ ಹಳೆಯ ಪಥದಲ್ಲಿ 40 ಮೀಟರ್, ಹೊಸ ಪಥದಲ್ಲಿ 60 ಮೀಟರ್ ಮೀರಿದರಷ್ಟೇ ಪೂರ್ವಾನುಮತಿ ಬೇಕು. ನೂರಾರು ಕಿಲೋಮೀಟರಿನ ಹೆದ್ದಾರಿಯನ್ನು ತುಂಡುಗಳಾಗಿ ವಿಭಜಿಸಿದರೆ ಯಾವ ತುಂಡೂ ಮಿತಿಯನ್ನು ಮುಟ್ಟುವುದಿಲ್ಲ. ತಮಿಳುನಾಡಿನ ವಿಲ್ಲುಪುರಂ–ನಾಗಪಟ್ಟಿಣಂ ಹೆದ್ದಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಆ ಯೋಜನೆಗೆ ಅನುಮತಿ ಬೇಕಿಲ್ಲವೆಂದರೂ, ಪರಿಸರ ಅನುಮತಿಯಿಂದ ತಪ್ಪಿಸಿಕೊಳ್ಳುವ ತಂತ್ರವಾಗಿ ವಿಭಜನೆಯನ್ನು ಬಳಸಬಾರದೆಂದು ಸ್ಪಷ್ಟಪಡಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಪರಿಷ್ಕರಣೆಯಾಗಿ ದಶಕ ಕಳೆದಿದ್ದರೂ ಆ ಪ್ರಕರಣದ ಕಡತಗಳಲ್ಲಿ ರಸ್ತೆಯ ಹೆಸರು ಹಳೆಯ 45ಎ ಎಂದೇ ಇತ್ತು.

ಹೋರಾಟಗಳ ನೆನಪಿಗೂ ಇದರಿಂದ ಧಕ್ಕೆಯಿದೆ. ಬಂಡೀಪುರದಲ್ಲಿ 2009ರಲ್ಲಿ ಜಿಲ್ಲಾಡಳಿತ ಹೊರಡಿಸಿದ, 2010ರ ಮಾರ್ಚಿನಲ್ಲಿ ಹೈಕೋರ್ಟು ಎತ್ತಿಹಿಡಿದ ರಾತ್ರಿ ಸಂಚಾರ ನಿಷೇಧವು ಹೆದ್ದಾರಿ 212 ಮತ್ತು 67ಕ್ಕೆ ಸಂಬಂಧಿಸಿದ್ದು. ಇಂದು ಅವು 766 ಮತ್ತು 181. ಹೊಸ 67 ಇರುವುದು ಹುಬ್ಬಳ್ಳಿ–ಬಳ್ಳಾರಿಯ ಎರೆಭೂಮಿಯಲ್ಲಿ. ಅಲ್ಲಿ ರಾತ್ರಿ ರಸ್ತೆ ದಾಟುವ ಆನೆಗಳಿಲ್ಲ. ಹಳೆಯ ಆದೇಶವನ್ನು ಹೊಸ ಭೂಪಟದೊಂದಿಗೆ ಓದುವ ವಿದ್ಯಾರ್ಥಿ ಕಾಡನ್ನೇ ಕಳೆದುಕೊಳ್ಳುತ್ತಾನೆ.

ಪರಿಹಾರ ದುಬಾರಿಯದೇನಲ್ಲ. ಹೆದ್ದಾರಿಗೆ ಸಂಬಂಧಿಸಿದ ಪ್ರತಿಯೊಂದು ಪ್ರಕಟಣೆಯೂ ಹೊಸ ಸಂಖ್ಯೆಯ ಜೊತೆಗೆ ಹಳೆಯ ಸಂಖ್ಯೆ, ಘಾಟಿಯ ಹೆಸರು, ಎರಡೂ ತುದಿಯ ಊರುಗಳ ಹೆಸರನ್ನು ಕನ್ನಡದಲ್ಲಿ ಹೊಂದಿರಬೇಕು. ಅದರ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂದೇ ಕಾಣಿಸಬೇಕು. ಯೋಜನೆಯನ್ನು ತುಂಡರಿಸಿದ್ದರೆ ಇಡೀ ಹೆದ್ದಾರಿಯ ಒಟ್ಟು ಉದ್ದ ಮತ್ತು ಉಳಿದ ತುಂಡುಗಳ ವಿವರ ಅದೇ ಪುಟದಲ್ಲಿರಬೇಕು.

ಇದನ್ನು ಕೇಳಿ ಪಡೆಯುವವರೆಗೆ ಗ್ರಾಮಗಳು ಸುಮ್ಮನೆ ಕಾಯಬೇಕಿಲ್ಲ. ಘಟ್ಟದ ಪ್ರತಿ ಊರಿನ ಶಾಲೆಯೂ ತನ್ನ ರಸ್ತೆಯ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಕಿಲೋಮೀಟರು, ಅಕ್ಕಪಕ್ಕದ ಸರ್ವೆ ನಂಬರು, ಹಳ್ಳಗಳು ರಸ್ತೆಯನ್ನು ದಾಟುವ ಜಾಗ, ಗುಡ್ಡ ಜರಿದ ಜಾಗ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಬಹುದು. ಮಕ್ಕಳಿಗೆ ಅದು ಭೂಗೋಳದ ಪಾಠ. ಅಧಿಸೂಚನೆ ಬಂದ ದಿನ ಹಿರಿಯರಿಗೆ ಅದೇ ಆಕ್ಷೇಪಣೆಯ ಮೊದಲ ಪುಟ. ಸಂಖ್ಯೆ ಸರ್ಕಾರದ್ದೇ ಇರಲಿ. ಆ ಸಂಖ್ಯೆಯ ಹಿಂದಿರುವ ಘಾಟಿ ಯಾವುದೆಂದು ಹೇಳಬಲ್ಲವರು ಅದರ ತಪ್ಪಲಿನಲ್ಲಿ ಬಾಳುವವರು. ಅವರು ಅದನ್ನು ಇಪ್ಪತ್ತೊಂದು ದಿನ ಮುಗಿಯುವ ಮೊದಲೇ ಹೇಳಬೇಕು.